ಔರಾದಿನಲ್ಲಿ ಸಂಜೆಗೇ ಮಲಗುತ್ತಿದ್ದ ಸರ್ವರ್

ಜನರೇಟರಿನ ಸದ್ದು ಕೇಳಿಯೇ ಅದರ ಹೊಟ್ಟೆಯಲ್ಲಿ ಇನ್ನೆಷ್ಟು ಡೀಸೆಲ್ ಉಳಿದಿದೆ ಎಂದು ಹೇಳುವವನು ಸಾಲೋಮನ. ಬೀದರಿನ ಮೈಲೂರಿನಲ್ಲಿರುವ ಕಣ್ಣಿನ ದವಾಖಾನೆಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಸೇರಿದ್ದು ಜನರೇಟರ್ ನೋಡಿಕೊಳ್ಳಲಿಕ್ಕೇ. ಈಗ ಅವನಿಗೆ ಐವತ್ತಮೂರು. ನಡುವೆ ಏನಾಯಿತೆಂದರೆ, ದವಾಖಾನೆಯವರು ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಶಾಖೆ ತೆರೆದರು. ಮೂರೂ ಕಡೆ ರೋಗಿಗಳ ಕಾಗದ ಕಾಯಲು ಹಗಲುರಾತ್ರಿ ಬಂದಾಗದೆ ಓಡುವ ಕಂಪ್ಯೂಟರು, ಅಂದರೆ ಸರ್ವರು, ಒಂದೊಂದು ಕೂರಿಸಿದರು. ಕೂರಿಸಿಕೊಟ್ಟವನು ಮದುವೆಯಾಗಿ ಸೊಲ್ಲಾಪುರದ ಕಡೆ ಹೋದ, ಆಮೇಲೆ ಫೋನು ಎತ್ತಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕವನ್ನು ಮಾತ್ರ ಬಿಟ್ಟುಹೋಗಿದ್ದ.

ದವಾಖಾನೆಯಲ್ಲಿ ಸದ್ದು ಮಾಡುವುದೆಲ್ಲ ಸಾಲೋಮನನ ಪಾಲಿಗೆ ಎಂಬುದು ಹಳೆಯ ರೂಢಿ. ಸರ್ವರಿಗೂ ಫ್ಯಾನಿತ್ತು, ಅದೂ ಗುಂಯ್ಗುಡುತ್ತಿತ್ತು. ಹಾಗಾಗಿ ಅದೂ ಅವನ ಪಾಲಾಯಿತು.

ಆ ಪುಸ್ತಕವನ್ನು ಅವನು ಬೈಬಲ್ಲಿನ ಹಾಗೆಯೇ ಓದಿದ, ಬೆಳಿಗ್ಗೆ ಎದ್ದು ದಿನಕ್ಕೊಂದು ಅಧ್ಯಾಯ. ಸರ್ವರನ್ನು ನಡೆಸುತ್ತಿದ್ದ ತಂತ್ರಾಂಶ ಲಿನಕ್ಸ್. ಅದರಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ. ಕಪ್ಪು ಪರದೆಯ ಮೇಲೆ ಅಪ್ಪಣೆಯನ್ನು ಅಕ್ಷರ ಅಕ್ಷರವಾಗಿ ಕುಟ್ಟಬೇಕು. ಒಂದೊಂದು ಅಪ್ಪಣೆಯನ್ನೂ ಕನ್ನಡ ಲಿಪಿಯಲ್ಲಿ ವಹಿಯೊಂದರಲ್ಲಿ ಬರೆದು, ಅದನ್ನು ಕುಟ್ಟಿದಾಗ ಏನಾಯಿತೆಂದು ಪಕ್ಕದಲ್ಲಿ ಗುರುತು ಮಾಡಿದ. ಒಂದರ ಮುಂದೆ 'ಇದು ಬ್ಯಾಡ' ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದಾನೆ. ಆ ದಿನ ಏನಾಗಿತ್ತೆಂದು ಯಾರಿಗೂ ಹೇಳಿಲ್ಲ. ಹೆಂಡತಿ ಅನುಗ್ರಹ ಅದಕ್ಕೆ ಇಟ್ಟ ಹೆಸರು ಮಂತ್ರದ ವಹಿ.

"ಚರ್ಚಿನಾಗ ಪಾದ್ರಿಯವರು ನೋಡಿದ್ರ ಏನಂತಾರ್ರಿ?" ಎಂದು ಆಕೆ ಕಾಡುತ್ತಿದ್ದಳು.

"ಏನೂ ಅನಲ್ಲ. ಈ ಮಶೀನದ್ದು ಒಂದು ಚಲೋ ಗುಣ ಅದ. ತಾ ಏನೇನ್ ಮಾಡ್ತದೋ ಎಲ್ಲಾ ತಾನೇ ಬರದಿಡ್ತದ. ತಪ್ಪು ಮಾಡಿದ್ರ ಅದನ್ನೂ ಬರೀತದ. ಹಂಗ ಬರದಿಡೋ ಮನಿಶ್ಯಾ ಒಬ್ಬನ್ನ ತೋರ್ಸು."

ಅವನು ಹೇಳುತ್ತಿದ್ದದ್ದು ಸರ್ವರಿನ ದಿನಚರಿಯ ಬಗ್ಗೆ. ಅದನ್ನು ಅವನು ಒಂದು ಸಾಲೂ ಬಿಡದೆ ಓದುತ್ತಿದ್ದ. ಆದರೆ ಮನೆಯೊಳಗೆ ಇದೇ ಸಾಲೋಮನ ಹೊಸ ಪರದೆ ಹಾಕಿದರೆ ನಾಲ್ಕು ತಿಂಗಳಿಗೆ ನೋಡುತ್ತಿದ್ದ. ಅನುಗ್ರಹ ಹೆಣಿಗೆಯ ಕ್ರೋಶಾ ಕಡ್ಡಿ ಹಿಡಿದರೆ ಬಿಡುವವಳಲ್ಲ. ಹಿಂದೆ ಮಿಶನ್ನಿನ ದೊರೆಸಾನಿಯವರು ಆಕೆಯ ಅಜ್ಜಿಗೆ ಕಲಿಸಿದ ವಿದ್ಯೆ ಅದು, ಮೂರು ತಲೆಮಾರು ದಾಟಿ ಬಂದಿತ್ತು. ಟೀವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ, ನೀರಿನ ಮಗಿಯ ಮೇಲೆ ಮಣಿ ಕಟ್ಟಿದ ಹೊದಿಕೆ. ಸಾಲೋಮನ ಆ ಮಣಿ ಸರಿಸಿ ನೀರು ಕುಡಿಯಲು ಹತ್ತಿ ಇಪ್ಪತ್ತೇಳು ವರ್ಷ. ಅದರ ಬಣ್ಣ ಕೇಳಿದರೆ ಹೇಳಲಾರ.

ಕಳೆದ ಕ್ರಿಸ್‌ಮಸ್ಸಿಗೆ ಔರಾದಿನ ಶಾಖೆಗೆ ಕೇಕಿನ ಡಬ್ಬಿಯ ಜೊತೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನೂ ಆಕೆ ಅವನ ಕೈಗೆ ಕೊಟ್ಟಿದ್ದಳು. ಅವನು ಎರಡನ್ನೂ ಒಯ್ದು ಅಲ್ಲಿಯ ಹಿರಿಯ ನರ್ಸ್ ರೂತಮ್ಮನಿಗೆ ಒಪ್ಪಿಸಿ, ಚಹಾ ಕುಡಿದು, ಬಸ್ಸು ಹತ್ತಿದ್ದ. ಡಬ್ಬಿಯಲ್ಲಿ ಕೇಕು ಇತ್ತೆಂದು ಅವನಿಗೆ ಗೊತ್ತು, ಯಾಕೆಂದರೆ ಕಾಲುಭಾಗ ದಾರಿಯಲ್ಲೇ ತಿಂದಿದ್ದ.

ತಾಪತ್ರಯ ಶುರುವಾದದ್ದು ಹೋಳಿಯ ನಂತರ.

ದಿನಾ ಸಂಜೆ ಎಂಟಕ್ಕೆ ಬೀದರಿನ ಸರ್ವರು ಭಾಲ್ಕಿ, ಔರಾದುಗಳ ಆ ದಿನದ ಕಾಗದವನ್ನೆಲ್ಲ ನಕಲು ಮಾಡಿ ತರಿಸಿಕೊಳ್ಳುತ್ತದೆ. ಔರಾದಿನಲ್ಲಿ ತಪಾಸಣೆಯಾಗಿ ಆಪರೇಶನ್ನಿಗೆ ಬರುವವರನ್ನು ಮರುದಿನ ಬೆಳಿಗ್ಗೆ ವ್ಯಾನು ಮೈಲೂರಿಗೆ ತಂದು ಇಳಿಸುವಷ್ಟರಲ್ಲಿ ಅವರ ಕಾಗದ ಮುಂದಾಗಿಯೇ ಬಂದು ಕೂತಿರಬೇಕು. ಈಗ ರೋಗಿ ಬರುತ್ತಿದ್ದರು, ಕಾಗದ ಬರುತ್ತಿರಲಿಲ್ಲ. ಔರಾದಿನ ಸರ್ವರು ಏಳರ ಸುಮಾರಿಗೆ ತಾನಾಗಿ ಬಂದಾಗಿ, ಬೆಳಿಗ್ಗೆ ಒಂಬತ್ತಕ್ಕೆ ರೂತಮ್ಮ ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ಡಾಕ್ಟರು ಎಂಟಕ್ಕೇ ಆಪರೇಶನ್ ಪಟ್ಟಿ ಮುಗಿಸಿಬಿಡುತ್ತಾರೆ. ಕಾಗದ ಇಲ್ಲದವರು ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗಬೇಕು.

"ಅದು ಮಲಗ್ತದ ತಮ್ಮಾ," ಎಂದಳು ರೂತಮ್ಮ ಫೋನಿನಲ್ಲಿ. "ದಿನಾ ಹಗಲೆಲ್ಲ ದುಡದಿರ್ತದಲ್ಲ."

"ಅಕ್ಕಾರ, ಅದಕ ಮಲಗೋ ಚಾಳಿ ಇಲ್ರಿ. ನಾಳಿ ಮುಂಜಾನಿ ಬರ್ತೇನಿ."

ಹೋದ. ಹಿಂದಿನ ಅಂಗಳದ ತಂತಿಯ ಮೇಲೆ ಬೆಳ್ಳಗಿನ ಹೆಣಿಗೆಯ ಬಟ್ಟೆಯೊಂದು ಗಂಜಿ ಹಾಕಿಸಿಕೊಂಡು ಒಣಗುತ್ತಿತ್ತು. ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದ. ಸರ್ವರಿಗೆ ಕಿವಿ ಹಚ್ಚಿದ, ಸದ್ದು ಚೆನ್ನಾಗಿತ್ತು. ಮೈ ಮುಟ್ಟಿದ, ತಣ್ಣಗಿತ್ತು. ದಿನಚರಿ ತೆಗೆದು ನೋಡಿದರೆ ಸಂಜೆ ಏಳರ ಹೊತ್ತಿಗೆ ಅರ್ಧ ಮಾತಿನಲ್ಲಿ ನಿಂತಿತ್ತು, ಕಾರಣ ಗೀರಣ ಏನೂ ಇಲ್ಲ. ಕರೆಂಟಿನ ತಂತಿ ಬದಲಿಸಿದ, ಧೂಳು ಊದಿದ, ಬೀದರಿಗೆ ಬಂದ. ಎರಡು ಸಂಜೆ ಸರ್ವರು ಓಡಿತು. ಮೂರನೇ ಸಂಜೆ ಮಲಗಿತು. ಮತ್ತೆ ಹೋದ. ಮತ್ತೆ ಎರಡು ದಿನ ಸರಿ, ಮೂರನೆಯ ದಿನಕ್ಕೆ ಅದೇ ಹಾಡು.

ಔರಾದಿನಲ್ಲಿ ಇದಕ್ಕೊಂದು ಸಿದ್ಧಾಂತವೇ ಹುಟ್ಟಿತು. "ಸಾಲೋಮನ ಅಂಕಲ್ ಕೈಗುಣಾ ರೀ ಅದು," ಎಂದಳು ಅಲ್ಲಿಯ ಚಿಕ್ಕ ನರ್ಸ್ ಫರ್ಹೀನ. "ಅವ್ರು ಮುಟ್ಟಿದ್ರ ಎರಡ ದಿನ ಅಸರ್ ಇರ್ತದ." ಸಾಲೋಮನ ಛೇ ಛೇ ಎಂದ. ಆದರೆ ಬಸ್ಸಿನಲ್ಲಿ ಸಂತಪುರದವರೆಗೂ ತನ್ನ ಅಂಗೈಯನ್ನು ತಾನೇ ನೋಡಿಕೊಳ್ಳುತ್ತ ಕೂತಿದ್ದ.

ದವಾಖಾನೆಯ ಕಾರ್ಯದರ್ಶಿ ರಾಜರತ್ನ ಅವರಿಗೆ ಕೈಗುಣದ ಮೇಲೆ ನಂಬಿಕೆ ಇರಲಿಲ್ಲ. ಅವರು ನಿವೃತ್ತ ಹೆಡ್‌ಮಾಸ್ತರು.

"ಸಾಲೋಮನ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪಾ. ಆದ್ರ ಹೈದರಾಬಾದಿನ ಕಂಪನಿಯವರು ಮೂರೂ ಸರ್ವರ್ ನಮಗ ಕೊಡ್ರಿ ಅಂತ ಕೂತಾರ. ತಿಂಗಳ ಕಡೀಕ ಕಮಿಟಿ ಮೀಟಿಂಗ್ ಅದ. ಅಷ್ಟ್ರಾಗ ಔರಾದಿಂದು ಸುದ್ದ ಆಗಿ, ಯಾಕ ಬೀಳ್ತಿತ್ತು ಅಂಬೋದು ಬರಹದಾಗ ನನ್ನ ಮುಂದ ಬರಬೇಕು. ಇಲ್ಲಂದ್ರ ನೀ ಮತ್ತ ಜನರೇಟರ್ ಕಡೀನೇ ನೋಡ್ಕೋ."

ಜನರೇಟರ್ ಈಗ ತಾನಾಗಿಯೇ ಶುರುವಾಗಿ ತಾನಾಗಿಯೇ ನಿಲ್ಲುವಂಥದ್ದು. ಅದರ ಕಡೆ ನೋಡಿಕೊಳ್ಳುವುದೆಂದರೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು, ಅಷ್ಟೇ.

ಉಳಿದದ್ದು ಒಂದೇ ದಾರಿ. ಮೂರೂ ಸರ್ವರುಗಳ ಲಿನಕ್ಸ್ ಹಳೆಯದಾಗಿ, ಅದಕ್ಕೆ ಹೊಸ ರಿಪೇರಿ ಬರುವುದು ನಿಂತು ವರ್ಷವಾಗಿತ್ತು. ಹೇಗಿದ್ದರೂ ಮಾಡಬೇಕಾದ ಕೆಲಸ. ಅವನು ಮಂತ್ರದ ವಹಿಯಲ್ಲಿ ಹೊಸ ಪುಟ ತೆಗೆದು ಬರೆದ: ಮೊದಲು ಎಲ್ಲದರ ನಕಲು. ನಕಲು ತೆರೆಯುತ್ತದೆಯೋ ಇಲ್ಲವೋ ತೆರೆದೇ ನೋಡು. ಒಂದು ಮೆಟ್ಟಿಲು ಬಿಟ್ಟು ಹಾರಬೇಡ. ಹಳೆಯದರಿಂದ ನಡುವಿನದಕ್ಕೆ, ನಡುವಿನದರಿಂದ ಹೊಸದಕ್ಕೆ.

ಬೀದರಿನದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು. ಭಾಲ್ಕಿಯದು ಮುಗಿದ ಮೇಲೆ ನೆಟ್‌ವರ್ಕೇ ಇಲ್ಲ. ತಂತಿ ಸರಿ, ದೀಪ ಸರಿ, ಮಾತಿಲ್ಲ. ಎರಡು ತಾಸು ಹುಡುಕಿದ ಮೇಲೆ ಗೊತ್ತಾಯಿತು, ಹೊಸ ಲಿನಕ್ಸ್ ನೆಟ್‌ವರ್ಕ್ ಕಾರ್ಡಿಗೆ ಬೇರೆ ಹೆಸರಿಟ್ಟಿತ್ತು, ಹಳೆಯ ಕಡತದಲ್ಲಿ ಹಳೆಯ ಹೆಸರೇ ಉಳಿದಿತ್ತು. ಮದುವೆಯಾಗಿ ಹೆಸರು ಬದಲಾದ ಹುಡುಗಿಗೆ ತವರಿನ ಹೆಸರಿಗೆ ಪತ್ರ ಹಾಕಿದಂತೆ. ಹೆಸರು ತಿದ್ದಿದ, ಮಾತು ಬಂತು. ದೂರದಿಂದ ಈ ಕೆಲಸ ಮಾಡಿದ್ದರೆ ಬಾಗಿಲ ಹೊರಗೇ ಉಳಿಯುತ್ತಿದ್ದೆ ಎಂದು ವಹಿಯಲ್ಲಿ ಬರೆದುಕೊಂಡ.

ಅದಕ್ಕೇ ಔರಾದಿಗೂ ಖುದ್ದಾಗಿ ಹೋದ. ಹಿಂದಿನ ದಿನವೇ ಫೋನು ಮಾಡಿದ್ದ. ಅಂಗಳದಲ್ಲಿ ಅದೇ ಬಿಳಿ ಬಟ್ಟೆ ಒಣಗುತ್ತಿತ್ತು.

"ಚಂದ ಅದ ಅಲ್ರಿ ಅಕ್ಕಾರ ಇದು," ಎಂದ ಲಹರಿಯಲ್ಲಿ.

ರೂತಮ್ಮ ನಾಚಿಕೊಂಡಳು. "ನೀ ಹಿಂಗ ಅನಬೇಕೇನ ತಮ್ಮಾ."

ಆ ಮಾತಿಗೇನರ್ಥ ಎಂದು ಅವನು ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಹೊಸ ಲಿನಕ್ಸ್ ಎದ್ದು ಕೂತು, ಹಿಂದೆಂದೂ ಬರೆಯದಿದ್ದ ಸಂಗತಿಗಳನ್ನೆಲ್ಲ ದಿನಚರಿಯಲ್ಲಿ ಬರೆಯತೊಡಗಿತು. ಫ್ಯಾನು ಎಷ್ಟು ವೇಗವಾಗಿ ತಿರುಗುತ್ತಿದೆ, ಮೈ ಎಷ್ಟು ಬಿಸಿಯಾಗಿದೆ, ಎಲ್ಲ. ಎರಡು ಸಂಜೆ ಕಾಗದ ಬಂತು. ಸಾಲೋಮನ ರಾಜರತ್ನ ಅವರ ಕೋಣೆಗೆ ಹೋಗಿ, ಎಲ್ಲಾ ಸುದ್ದ ಆಯ್ತು ಸರ್, ಎಂದು ಹೇಳಿ ಬಂದ.

ಮೂರನೇ ಸಂಜೆ ಅದು ಮಲಗಿತು.

ಬೆಳಿಗ್ಗೆ ವ್ಯಾನಿನಿಂದ ಇಳಿದವರಲ್ಲಿ ಮಡೆಪ್ಪ ಇದ್ದ. ಭಾಲ್ಕಿ ತಾಲೂಕಿನ ಮೆಹಕರದ ಕುರಿಯವನು. ಬೇಸಿಗೆಯಲ್ಲಿ ಔರಾದಿನ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂರಿಸಿಕೊಂಡಿರುತ್ತಾನೆ. ಎಡಗಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ನಿಗೆಂದು ಉಪವಾಸವಿದ್ದು ಬಂದವನನ್ನು ಕಾಗದ ಇಲ್ಲವೆಂದು ಹದಿನೈದು ದಿನದ ಹಿಂದೆ ಒಮ್ಮೆ ತಿರುಗಿ ಕಳಿಸಿದ್ದರು. ಇವತ್ತು ಎರಡನೇ ಸಲ.

ಅವನು ಹೆಗಲ ಕಂಬಳಿ ಸರಿಮಾಡಿಕೊಂಡು ಸರ್ವರ್ ಕೋಣೆಯ ಬಾಗಿಲಿಗೆ ಬಂದು ನಿಂತ. "ಈ ಮಶೀನ ನಿಮ್ಮದೇನ್ರಿ?"

"ಹೌದಪಾ."

"ನನಗ ಒಂದು ಕಣ್ಣು ಮಬ್ಬು. ಆದ್ರೂ ಎರಡನೂರು ಕುರಿ ಒಂದೊಂದರ ಮಾರಿ ನೆಪ್ಪಿಟ್ಟೀನಿ. ನಿಮ್ಮ ಮಶೀನಕ ನನ್ನೊಂದು ಕಾಗದ ನೆಪ್ಪಿರಲ್ಲೇನ್ರಿ?"

ಸಾಲೋಮನ ಗಡಿಯಾರ ನೋಡಿದ. ಒಂಬತ್ತಾಗಿತ್ತು, ಅಲ್ಲಿ ರೂತಮ್ಮ ಗುಂಡಿ ಒತ್ತಿದ್ದಳು. ಅವನು ಇಲ್ಲಿಂದಲೇ ಔರಾದಿನ ದಿನಚರಿ ತೆರೆದ. ಈ ಸಲ ಅದು ಅರ್ಧ ಮಾತಿನಲ್ಲಿ ನಿಂತಿರಲಿಲ್ಲ. ಸಂಜೆ ಐದೂ ನಲವತ್ತರವರೆಗೆ ಬಿಸಿ ನಲವತ್ತೆಂಟು ಡಿಗ್ರಿ. ಆರಕ್ಕೆ ಅರವತ್ತು. ಆರೂವರೆಗೆ ಎಪ್ಪತ್ತೊಂಬತ್ತು. ಏಳೂ ಹತ್ತಕ್ಕೆ ತೊಂಬತ್ತೈದು, ಸುಡುವ ಮೊದಲು ಬಂದಾಗುತ್ತಿದ್ದೇನೆ ಎಂದು ಬರೆದು ಬಂದಾಗಿತ್ತು. ಹಳೆಯ ಲಿನಕ್ಸಿಗೆ ಕಾಯಿಲೆ ಇತ್ತು, ಹೇಳಲು ಬಾಯಿರಲಿಲ್ಲ. ಹೊಸದಕ್ಕೆ ಬಾಯಿ ಬಂದಿತ್ತು.

ಫೋನು ಹಚ್ಚಿದ. "ಅಕ್ಕಾರ, ನಿನ್ನಿ ಸಂಜಿ ಐದೂ ನಲವತ್ತಕ್ಕ ಅಲ್ಲೇನ್ ಮಾಡಿದ್ರಿ?"

"ಏನ್ ಮಾಡೋದು, ದಿನದಂಗ ಪ್ರಾರ್ಥನಾ ಮಾಡಿದ್ವಿ."

"ಅದಾದ ಮ್ಯಾಲ?"

"ಎಲ್ಲಾ ಚೊಕ್ಕ ಮಾಡಿ ಕೀಲಿ ಹಾಕಿದ್ವಿ. ಯಾಕ ತಮ್ಮಾ?"

ಪ್ರಾರ್ಥನೆಗೆ ಸರ್ವರು ಬಿಸಿಯಾಗುತ್ತದೆ ಎಂದು ಬರೆದರೆ ರಾಜರತ್ನ ಅವರು ಏನು ಮಾಡುತ್ತಾರೆಂದು ಸಾಲೋಮನ ಊಹಿಸಿದ. ಮೀಟಿಂಗ್ ನಾಡಿದ್ದು. "ನಾ ಇವತ್ತ ಬರ್ತೇನಿ ಅಂತ ಹೇಳಿಬಿಡ್ಲೇನ," ಎಂದು ತನ್ನಷ್ಟಕ್ಕೇ ಗೊಣಗಿದ.

ಬಾಗಿಲಲ್ಲಿದ್ದ ಮಡೆಪ್ಪ ಎಲ್ಲ ಕೇಳಿಸಿಕೊಂಡಿದ್ದ. "ಒಂದು ಮಾತು ಹೇಳ್ಲೇನ್ರಿ? ನಂದು ಕುರಿ ಕಳವಾಗ್ಲತಾವಂದ್ರ, ನಾ ಬರ್ಲತೀನಿ ಅಂತ ಕಳ್ಳಗ ಫೋನ್ ಮಾಡಿ ಹೋಗಲ್ಲ."

ಸಾಲೋಮನ ಅವನನ್ನು ನೋಡಿದ. ಆಮೇಲೆ ಅವನ ಕಂಬಳಿಯನ್ನು ನೋಡಿದ.

ಮಧ್ಯಾಹ್ನದ ವ್ಯಾನಿನಲ್ಲಿ ಇಬ್ಬರೂ ಔರಾದಿಗೆ ಹೊರಟರು. ನಾಲ್ಕು ಗಂಟೆಗೆ ದವಾಖಾನೆಯ ಬೆಂಚಿನ ಮೇಲೆ ಇಬ್ಬರು ಕುರಿಯವರು ಕೂತಿದ್ದರು. ಒಬ್ಬನಿಗೆ ಕಂಬಳಿ ಇರಲಿಲ್ಲ. ಇನ್ನೊಬ್ಬ ತಲೆಯ ಮೇಲಿನಿಂದ ಮೂಗಿನವರೆಗೆ ಕಂಬಳಿಯೊಳಗಿದ್ದ. ಏಪ್ರಿಲ್ಲಿನ ಬಿಸಿಲು, ಔರಾದಿನ ಗಾಳಿ, ಕುರಿಯ ವಾಸನೆ. ಅರ್ಧ ತಾಸಿಗೆ ಸಾಲೋಮನನ ಬೆನ್ನಿನಲ್ಲಿ ಬೆವರು ಕಾಲುವೆಯಾಗಿ ಇಳಿಯತೊಡಗಿತು.

"ತಡ್ಕೋರಿ," ಎಂದ ಮಡೆಪ್ಪ ಮೆಲ್ಲಗೆ. "ಕುರಿಗಿ ಜನಮ ಪೂರಾ ಹಿಂಗೇ."

ಅಷ್ಟರಲ್ಲಿ ಫರ್ಹೀನ ಔಷಧದ ಸೀಸೆ ಹಿಡಿದು ಬಂದಳು. ತಪಾಸಣೆಗೆ ಮುಂಚೆ ಕಣ್ಣಿನ ಪಾಪೆ ಅಗಲ ಮಾಡುವ ಹನಿ ಅದು. ಹಾಕಿಸಿಕೊಂಡವರಿಗೆ ನಾಲ್ಕೈದು ತಾಸು ಹತ್ತಿರದ್ದೇನೂ ಸರಿಯಾಗಿ ಕಾಣುವುದಿಲ್ಲ.

"ಕಾರ್ಡ್ ಯಾರದ್ರಿ?"

ಮಡೆಪ್ಪ ತನ್ನ ಕಾರ್ಡು ಮುಂದೆ ಮಾಡಿದ. ಬಾಯಲ್ಲಿ ಮಾತ್ರ, "ಇವಂದ್ರಿ ತಾಯಿ. ಮೊದ್ಲ ಇವಗ ಹಾಕ್ರಿ, ಭಾಳ ತ್ರಾಸ ಮಾಡ್ಕೊಂಡಾನ," ಎಂದ. ಎರಡು ಸಲ ಉಪವಾಸ ಕೂತದ್ದರ ಬಡ್ಡಿ ವಸೂಲಾಯಿತು.

ಬಾಯಿಬಿಟ್ಟರೆ ದನಿ ಗುರುತು ಸಿಗುತ್ತದೆ. ಸಾಲೋಮನ ಕಣ್ಣಿಷ್ಟೇ ಹೊರಗಿಟ್ಟು ತಲೆ ಎತ್ತಿದ.

"ಬಾಯಿ ಯಾಕ ಮುಚ್ಕೊಂಡಿ ಕಾಕಾ? ಇದು ಕಣ್ಣಿಂದು ದವಾಖಾನಿ, ಹಲ್ಲಿಂದಲ್ಲ," ಎಂದು ಫರ್ಹೀನ ಎರಡೆರಡು ಹನಿ ಬಿಟ್ಟಳು. ಕಣ್ಣು ಉರಿಯಿತು. ಐದು ಗಂಟೆಯ ಹೊತ್ತಿಗೆ ಸಾಲೋಮನನ ಪಾಲಿಗೆ ಔರಾದಿನ ದವಾಖಾನೆ ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು.

ಐದೂವರೆಗೆ ರೂತಮ್ಮ ಗಂಟೆ ಬಾರಿಸಿದಳು. ಇದ್ದವರೆಲ್ಲ ಎದ್ದು ನಿಂತರು. ಆಕೆ ಕಣ್ಣು ಮುಚ್ಚಿ ಆ ದಿನ ಬಂದ ಕಣ್ಣುಗಳಿಗಾಗಿ, ಬಾರದವರಿಗಾಗಿ, ಕೊನೆಗೆ ಸಂಜೆಯಾದರೆ ಮಲಗುವ ಸರ್ವರಿಗಾಗಿ ಪ್ರಾರ್ಥಿಸಿದಳು. ಸಾಲೋಮನ ಐವತ್ತು ವರ್ಷದಿಂದ ಮೆಥಡಿಸ್ಟ್ ಚರ್ಚಿನಲ್ಲಿ ಕೂತೆದ್ದವನು, ಅದರಲ್ಲಿ ಇಪ್ಪತ್ತು ವರ್ಷ ಹಾಡುವ ತಂಡದಲ್ಲಿ ದಪ್ಪ ದನಿಯವನು. ಪ್ರಾರ್ಥನೆ ಮುಗಿದಾಗ ಬಾಯಿಗೆ ಬುದ್ಧಿಯನ್ನು ಕೇಳುವ ಅಭ್ಯಾಸವಿರಲಿಲ್ಲ.

"ಆಮೆನ್," ಎಂದಿತು ಕಂಬಳಿ.

ರೂತಮ್ಮ ಕಣ್ಣು ಬಿಟ್ಟಳು. ಹರ್ಷದಿಂದ ಹತ್ತಿರ ಬಂದಳು. "ಯಾವೂರಪಾ ನಿಂದು? ಯಾವ ಚರ್ಚು?"

ಮಡೆಪ್ಪ ಅಡ್ಡ ಬಂದ. "ಅವಾ ಮೂಗ ಅದಾನ್ರಿ ಅಕ್ಕಾರ."

"ಈಗ ಆಮೆನ್ ಅಂದ್ನಲ್ಲ?"

"ಅದೊಂದೇ ಬರ್ತದ್ರಿ."

ದೇವರು ಕೊಡುವಾಗ ಒಂದೇ ಮಾತು ಕೊಟ್ಟರೂ ಒಳ್ಳೆಯದನ್ನೇ ಕೊಟ್ಟಿದ್ದಾನೆ ಎಂದು ನಂಬಿದಳೋ ಏನೋ, ರೂತಮ್ಮ ಅವನ ತಲೆ ಸವರಿ ತನ್ನ ಸಂಜೆಯ ಕೆಲಸಕ್ಕೆ ಹೊರಟಳು. ಔರಾದಿನ ಕೆಂಪು ಧೂಳು ಎಲ್ಲಿದ್ದರೂ ನುಗ್ಗುವಂಥದ್ದು. ಆಕೆ ಕನ್ನಡಕದ ಗಾಜಿನ ಪೆಟ್ಟಿಗೆಗೆ ಬಟ್ಟೆ ಮುಚ್ಚಿದಳು, ತೂಕದ ಯಂತ್ರಕ್ಕೆ ಮುಚ್ಚಿದಳು. ಆಮೇಲೆ ಮೂಲೆಯ ಬಾಗಿಲು ತೆರೆದಳು. ಸಾಲೋಮನನ ಮಬ್ಬುಗಣ್ಣಿಗೆ ಕಂಡದ್ದು ಇಷ್ಟೇ: ಕರ್ರಗಿನ ಒಂದು ಆಕಾರದ ಮೇಲೆ ಬೆಳ್ಳಗಿನದೊಂದು ಇಳಿಯಿತು.

ಕಂಬಳಿಯೊಳಗೆ ಬೇಯುತ್ತಿದ್ದವನಿಗೆ ಬೇರೆ ದಿನಚರಿ ಓದುವುದು ಬೇಕಾಗಲಿಲ್ಲ. ಎದ್ದು, ಗೋಡೆ ಹಿಡಿದು, ಒಂದು ಸ್ಟೂಲಿಗೆ ಎಡವಿ ಅಲ್ಲಿಗೆ ಹೋದ. ಎರಡೂ ಕೈಯಿಂದ ತಡವಿದ. ದಟ್ಟ ಹೆಣಿಗೆ. ಅಂಚಿಗೆ ಮಣಿ. ಒಳಗೆ ಧೂಳು ಹೋಗದಂತೆ ದಪ್ಪ ಬಟ್ಟೆ ಬೇರೆ ಹೊಲಿದಿದ್ದರು. ಸರ್ವರು ಗಾಳಿ ಎಳೆದುಕೊಳ್ಳುವ ಮುಂಬದಿ, ಬಿಸಿಗಾಳಿ ಬಿಡುವ ಹಿಂಬದಿ, ಎರಡೂ ನೆಲದವರೆಗೆ ಮುಚ್ಚಿದ್ದವು.

"ಅಕ್ಕಾರ," ಎಂದ, "ಇದು ಏನ್ರಿ?"

ರೂತಮ್ಮ ಅದೇ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಯೇಸಪ್ಪಾ, ಮೂಗಗ ಮಾತು ಬಂತು."

ಕಂಬಳಿ ಜಾರಿತು. ಫರ್ಹೀನ ಸೀಸೆ ಹಿಡಿದವಳು ಹಾಗೇ ನಿಂತಳು. "ಅಂಕಲ್, ನಿಮ್ಮ ಕಣ್ಣಿನಾಗ ನಾ..."

"ಅದು ಆಮ್ಯಾಲ ನೋಡೋಣು. ಅಕ್ಕಾರ, ಇದನ್ನ ಯಾರ್ ಹಾಕಂದ್ರು?"

"ಯಾರಂದ್ರ? ನಿಮ್ಮ ಮನಿಯಿಂದೇ ಬಂದದ್ದು. ಅನುಗ್ರಹ ಅಳತಿ ಕೇಳಿ ಹೆಣದು ಕಳಿಸ್ಯಾಳ. ಕ್ರಿಸ್‌ಮಸ್‌ಕ ಕೇಕಿನ ಸಂಗಡ ನೀನೇ ತಂದುಕೊಟ್ಟಿ. ಹೋಳಿ ಆದ ಮ್ಯಾಲ ಧೂಳು ಭಾಳ ಆತು, ಆಗಿಂದ ಹಾಕ್ಲತೀನಿ."

ಸಾಲೋಮನ ಹೊದಿಕೆಯ ಅಂಚಿನ ಮಣಿಗಳನ್ನು ಬೆರಳಿನಲ್ಲಿ ಎಣಿಸಿದ. ಇಪ್ಪತ್ತೇಳು ವರ್ಷ ನೀರಿನ ಮಗಿಯ ಮೇಲಿಂದ ಸರಿಸುತ್ತಿದ್ದ ಮಣಿಗಳ ತಂಗಿಯರೇ ಇವು.

"ಮತ್ತ ನಾ ಬಂದಾಗ ಎಲ್ಲಿರ್ತಿತ್ರಿ ಇದು?"

"ತಂತಿ ಮ್ಯಾಲ. ನೀ ಬರ್ಲತಿ ಅಂತ ಫೋನ್ ಮಾಡ್ತಿದ್ದಿ. ನಿನ್ನ ಹೇಣ್ತಿ ಹೆಣದದ್ದು ನಿನ್ನ ಮುಂದ ಹೊಲಸಿದ್ರ ಹ್ಯಾಂಗ? ತೊಳದು ಗಂಜಿ ಹಾಕ್ತಿದ್ದೆ. ಇಸ್ತ್ರಿಯವ ಮೂರ ದಿನಕ್ಕೊಮ್ಮಿ ಬರ್ತಾನ, ಅವಾ ಮಾಡಿಕೊಟ್ಟ ಮ್ಯಾಲ ಮತ್ತ ಹಾಕ್ತಿದ್ದೆ." ಆಕೆ ಸೇರಿಸಿದಳು, "ನೀನೂ ಚಂದ ಅದ ಅಂದಿದ್ದಿ."

ಎರಡು ದಿನದ ಕೈಗುಣ ಯಾರದೆಂದು ಆಗ ತಿಳಿಯಿತು. ಇಸ್ತ್ರಿಯವನದು.

ಮಡೆಪ್ಪ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಕಳ್ಳ ಸಿಕ್ನಲ್ರಿ. ಮನಿಯವನೇ."

ಆ ಸಂಜೆ ಹೊದಿಕೆ ಇಲ್ಲದ ಸರ್ವರು ಐವತ್ತನ್ನು ದಾಟಲಿಲ್ಲ. ಎಂಟಕ್ಕೆ ಮಡೆಪ್ಪನ ಕಾಗದ ಬೀದರಿಗೆ ಹೋಗಿ ಮುಟ್ಟಿತು.

ಬರಹದಲ್ಲಿ ಕಾರಣ ಕೊಡುವುದು ಉಳಿದಿತ್ತು. ಸಾಲೋಮನ ರಿಜಿಸ್ಟರ್ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತ. ರೂತಮ್ಮನ ಹೆಸರು ಬರೆದರೆ ನಿವೃತ್ತಿಗೆ ಎರಡು ವರ್ಷ ಇರುವವಳ ಮೇಲೆ ನೋಟೀಸು ಬರುತ್ತದೆ. ಅನುಗ್ರಹಳ ಹೆಸರು ಬರೆದರೆ ಏನು ಬರುತ್ತದೆಂದು ಯೋಚಿಸಲೂ ಧೈರ್ಯವಿರಲಿಲ್ಲ. ಹಳೆಯ ಲಿನಕ್ಸಿನ ಮೇಲೆ ಹಾಕಬಹುದಿತ್ತು, ಅದು ಬಂದು ಜಗಳವಾಡುವುದಿಲ್ಲ. ಆದರೆ ತನ್ನ ತಪ್ಪನ್ನೂ ಬರೆದಿಡುವ ಯಂತ್ರವನ್ನು ಇಷ್ಟು ವರ್ಷ ಹೊಗಳಿಕೊಂಡು ಬಂದವನು ಅವನು. ಬರೆದ:

'ಕಾರಣ: ಗಾಳಿ ಬಂದ್ ಆಗಿ ಸರ್ವರ್ ಬಿಸಿಯಾಗುತ್ತಿತ್ತು. ಗಾಳಿ ಬಂದ್ ಮಾಡಿದ ವಸ್ತುವನ್ನು ಬೀದರಿನಿಂದ ಔರಾದಿಗೆ ಹೊತ್ತು ತಂದವನು ನಾನು. ಬಿಚ್ಚಿ ನೋಡಿರಲಿಲ್ಲ. ಸಾಲೋಮನ.'

ಮೀಟಿಂಗಿನಲ್ಲಿ ರಾಜರತ್ನ ಅವರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, ಆ ವಸ್ತು ಯಾವುದು ಎಂದು ಕೇಳಿದರು. ಸಾಲೋಮನ ಹೇಳಿದ, ಕಂಬಳಿಯನ್ನೂ ಕಣ್ಣಿನ ಹನಿಯನ್ನೂ ಬಿಡದೆ. ಕಮಿಟಿಯವರು ನಗು ನಿಲ್ಲಿಸಲು ಚಹಾ ತರಿಸಬೇಕಾಯಿತು.

"ಹೈದರಾಬಾದಿನವರು ಇದ್ದಿದ್ರ ಏನ್ ಮಾಡ್ತಿದ್ರಪಾ?" ಎಂದರು ರಾಜರತ್ನ.

"ಹೊಸ ಸರ್ವರ್ ಕೊಡ್ತಿದ್ರು ಸರ್. ರೂತಕ್ಕಾರು ಅದಕ್ಕೂ ಹೊದಿಸ್ತಿದ್ರು."

ಮೂರೂ ಸರ್ವರುಗಳು ಅವನ ಹತ್ತಿರವೇ ಉಳಿದವು. ಮಡೆಪ್ಪನ ಆಪರೇಶನ್ ಮುಂದಿನ ವಾರ, ಪಟ್ಟಿಯಲ್ಲಿ ಮೊದಲನೆಯದಾಗಿ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವನು ಸರ್ವರ್ ಕೋಣೆಗೆ ಬಂದು ಸಾಲೋಮನನನ್ನು ಮೇಲಿನಿಂದ ಕೆಳಗೆ ನೋಡಿ, "ಕಂಬಳಿಯಾಗೇ ಚಂದ ಕಾಣ್ತಿದ್ರಿ," ಎಂದು ಹೇಳಿ ಹೋದ.

ಮನೆಯ ವಿಚಾರಣೆ ಮಾತ್ರ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ರೂತಮ್ಮ ಫೋನಿನಲ್ಲಿ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದಳು.

"ನಾಕ ತಿಂಗಳು ಹೆಣದೀನಿ," ಎಂದಳು ಅನುಗ್ರಹ. "ಅದಕ ಶೆಖಿ ಆಗ್ತದಂತ ನನಗೇನ್ ಗೊತ್ತು. ಹೋಗ್ಲಿ. ತಂತಿ ಮ್ಯಾಲ ನೋಡಿ ಚಂದ ಅದ ಅಂದ್ರಂತ?"

"ಅಂದೆ."

"ಯಾರ್ದು ಅಂತ ಗೊತ್ತಿಲ್ದಂಗ."

"ಹೌದು."

"ಇಪ್ಪತ್ತೇಳ ವರ್ಷದಾಗ ಮನಿಯಾಗ ಒಮ್ಮಿ ಅಂದಿಲ್ಲ. ಮಂದಿದಂತ ತಿಳದು ಅಂದೀರಿ." ಆಕೆ ಕಡ್ಡಿ ಕೈಗೆತ್ತಿಕೊಂಡಳು. ಸಾಲೋಮನ ನೀರಿನ ಮಗಿಯ ಹತ್ತಿರ ಹೋಗಿ ಹೊದಿಕೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಎರಡೂ ಕಣ್ಣಿನಿಂದ ಚೆನ್ನಾಗಿ ನೋಡಿದ. ಮಣಿಗಳು ಹಸಿರು.

ಔರಾದಿನ ಸರ್ವರು ಆಮೇಲೆ ಮಲಗಲಿಲ್ಲ. ಎಷ್ಟು ದಿನದಿಂದ ಎದ್ದಿದ್ದೇನೆ ಎಂದು ಅದು ತಾನೇ ಲೆಕ್ಕ ಇಡುತ್ತದೆ. ನೂರಾ ನಲವತ್ತೊಂದನೇ ದಿನ ಸಾಲೋಮನನಿಗೆ ರೂತಮ್ಮನ ಫೋನು ಬಂತು.

"ತಮ್ಮಾ, ಸರ್ವರ್ ಚಲೋ ಓಡ್ಲತದ."

"ಭಾಳ ಚಲೋ ಆತ್ರಿ ಅಕ್ಕಾರ."

"ಹೌದು. ಆದ್ರ ನೀ ಈ ಕಡೀ ಬರದೇ ಬಿಟ್ಟಿ. ಫರ್ಹೀನ ಸೈತ ಕೇಳ್ಲತಾಳ." ಆ ಕಡೆ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿಸಿತು. "ಹೊದಿಕಿ ಇಲ್ಲೇ ಅದ, ಇಸ್ತ್ರಿ ಮಾಡಿಟ್ಟ. ಹೊದಸ್ಲೇನ?"